ಕಾಮಾ ಕಲಿತ ವರ್ಷ, ಮೋಲ್ಡ್ ಹಾಕಿದ ದಿನ

ನನ್ನಿಂದ ಡಿಗ್ರಿ ಆಗುವುದಿಲ್ಲ ಎಂದು ಹೇಳಿದವನು ನನ್ನ ಸೋದರಮಾವ. ಬೆನ್ನ ಹಿಂದೆ ಅಲ್ಲ, ಎದುರಿಗೇ ಹೇಳಿದ. ಕೆ.ಆರ್. ಪುರದ ನಮ್ಮ ಬಾಡಿಗೆ ಕೋಣೆಯ ಹೊಸ್ತಿಲ ಮೇಲೆ ಕೂತು, ಬಸಿಯಲ್ಲಿ ಚಹಾ ಆರಿಸಿಕೊಳ್ಳುತ್ತ ಹೇಳಿದ.

“ಇಂಗ್ಲಿಷು ನಮ್ಮ ಮಂದಿ ಬಾಯಾಗ ಕೂಡೂದಿಲ್ಲ ಬೇ. ಎಷ್ಟು ಸಲ ಬರದಿ, ಅಷ್ಟೂ ಸಲ ಹೋತು. ಸಾಕು ಮಾಡು.”

ಅವ್ವ ಒಲೆ ಮುಂದೆ ಕೂತಿದ್ದಳು. ತಮ್ಮನ ಬಸಿಗೆ ಇನ್ನಷ್ಟು ಚಹಾ ಸುರಿದಳು.

ಮಾವ ಕಟ್ಟಡದ ಮೇಸ್ತ್ರಿ. ಅಪ್ಪ ತೀರಿಕೊಂಡ ವರ್ಷ ಯಾದಗಿರಿ ಕಡೆಯಿಂದ ಅವ್ವನನ್ನೂ ನನ್ನನ್ನೂ ರೈಲು ಹತ್ತಿಸಿ ಇಲ್ಲಿಗೆ ಕರೆತಂದವನು ಅವನೇ; ನನ್ನ ಕೈ ಹಿಡಿದು ಸರ್ಕಾರಿ ಶಾಲೆಗೆ ಸೇರಿಸಿದವನೂ ಅವನೇ. ಹೈಸ್ಕೂಲಿಗೆ ಒಪ್ಪಿದ. ಪಿಯುಸಿ ಎಂದಾಗ ಹುಬ್ಬೇರಿಸಿದ. ಬಿ.ಕಾಂ. ಎಂದಾಗ ನಕ್ಕ. ನಮ್ಮ ವಂಶದಲ್ಲಿ ಹತ್ತನೇ ಕ್ಲಾಸು ದಾಟಿದವರೇ ಇರಲಿಲ್ಲ, ಆ ನಗುವಿನಲ್ಲಿ ತಪ್ಪು ಹುಡುಕಲು ನನಗೆ ಮನಸ್ಸಿಲ್ಲ. ಆದರೆ ಅಕೌಂಟ್ಸು, ಟ್ಯಾಕ್ಸು, ಸ್ಟ್ಯಾಟಿಸ್ಟಿಕ್ಸು ಎಲ್ಲವನ್ನೂ ಒಂದೇ ಏಟಿಗೆ ಪಾಸು ಮಾಡಿದವಳು ನಾನು. ಉಳಿದದ್ದು ಮೊದಲ ವರ್ಷದ ಇಂಗ್ಲಿಷ್ ಒಂದೇ. ಅದರಲ್ಲೂ ಸಂಭಾಷಣೆಯ ಭಾಗ: ಇಬ್ಬರು ಮಾತಾಡಿಕೊಂಡದ್ದನ್ನು ಚುಕ್ಕಿ, ಕಾಮಾ ಏನೂ ಇಲ್ಲದೆ ಕೊಟ್ಟಿರುತ್ತಾರೆ, ಅವನ್ನೆಲ್ಲ ಹಾಕಿ ಸರಿಯಾಗಿ ಬರೆಯಬೇಕು. ನನಗೆ ಅದು ಪ್ರತಿ ಸಲ ಸೊನ್ನೆ. ಹಳೇ ಸಿಲಬಸ್ಸಿನವರಿಗೆ ಇನ್ನೊಂದೇ ಅವಕಾಶ ಎಂದು ಕಾಲೇಜಿನ ನೋಟಿಸ್ ಬೋರ್ಡಿನಲ್ಲಿ ಹಾಕಿದ್ದರು. ಅದು ಹೋದರೆ ಪಾಸಾದ ವಿಷಯಗಳೆಲ್ಲ ಇದ್ದೂ ಇಲ್ಲದಂತೆ.

ಆ ನೋಟಿಸ್ ಓದಿದ ದಿನದಿಂದ ನನಗೆ ಒಂದು ಕಡೆ ಕೂರಲು ಆಗುತ್ತಿರಲಿಲ್ಲ. ಕೂತರೆ ಏಳಬೇಕು, ಎದ್ದರೆ ನಡೆಯಬೇಕು. ಇಂದಿರಾನಗರದ ಒಂದು ಹಲ್ಲಿನ ಕ್ಲಿನಿಕ್ಕಿನಲ್ಲಿ ಮುಂದಿನ ಟೇಬಲ್ ನನ್ನದು; ಪೇಷೆಂಟುಗಳ ಫೋನು, ಮೆಸೇಜು ನೋಡಿಕೊಳ್ಳುವ ಕೆಲಸ. ಕುರ್ಚಿ ಇದ್ದರೂ ನಿಂತೇ ಉತ್ತರ ಬರೆಯುತ್ತಿದ್ದೆ. ಒಂದು ದಿನ ಡಾಕ್ಟರಮ್ಮ ಹೊರಗೆ ಬಂದು ತಮ್ಮ ಫೋನನ್ನು ನನ್ನ ಮುಂದಿಟ್ಟರು.

“ಅಲ್ಲ ರೀ, ನೀವು ಪೇಷೆಂಟ್ಸ್‌ನ ಬೈತೀರಂತೆ?”

“ನಾನಾ? ಇಲ್ಲ ಮೇಡಂ.”

“ಮತ್ತೆ ಇದೇನು?”

ನಾನೇ ಕಳಿಸಿದ್ದು. ‘ಕಮ್ ಟುಮಾರೊ.’ ಅದರ ಕೆಳಗೆ ‘ಡಾಕ್ಟರ್ ಈಸ್ ನಾಟ್ ಹಿಯರ್.’

“ಇದ್ರಲ್ಲಿ ಬೈದಿದ್ದು ಎಲ್ಲಿದೆ ಮೇಡಂ?”

“ಫುಲ್‌ಸ್ಟಾಪ್ ನೋಡಿ. ಮುಖದ ಮೇಲೆ ಬಾಗಿಲು ಹಾಕ್ದಂಗಿದೆ.”

ನಮ್ಮ ಶಾಲೆಯಲ್ಲಿ ಫುಲ್‌ಸ್ಟಾಪ್ ಬಿಟ್ಟರೆ ಕೈಗೆ ಸ್ಕೇಲು ಬೀಳುತ್ತಿತ್ತು. ಇಲ್ಲಿ ಹಾಕಿದ್ದಕ್ಕೆ ಬೈಸಿಕೊಂಡೆ. ಇನ್ನೊಬ್ಬ ಪೇಷೆಂಟ್ ನಾನು ಕಳಿಸಿದ್ದು ಅರ್ಥವಾಗದೆ ‘ಸಾರಿ?’ ಎಂದು ಬರೆದಿದ್ದ. ಪಾಪ, ಕ್ಷಮೆ ಕೇಳುತ್ತಿದ್ದಾನೆ ಎಂದು ‘ಇಟ್ಸ್ ಓಕೆ.’ ಎಂದು ದೊಡ್ಡ ಮನಸ್ಸು ಮಾಡಿದ್ದೆ. ಅವನು ಮಾತೇ ಇಲ್ಲದೆ ಬರೀ ಪ್ರಶ್ನಾರ್ಥಕಗಳ ಸಾಲನ್ನು ಕಳಿಸಿದ. ಕೊಕ್ಕೆಗಳನ್ನು ನೇತುಹಾಕಿದ ಹಾಗೆ ಕಾಣುತ್ತಿದ್ದವು.

ಹೀಗಿರುವಾಗ ಒಂದು ಭಾನುವಾರ ಮಾವನಿಗೆ ಬುತ್ತಿ ಕೊಡಲು ರಿಚರ್ಡ್ಸ್ ಟೌನಿಗೆ ಹೋದೆ. ಒಂದು ಹಳೇ ಮನೆಯ ತಾರಸಿ ಸೋರುತ್ತಿತ್ತು, ಮಾವನ ಗ್ಯಾಂಗು ಅದನ್ನು ರಿಪೇರಿ ಮಾಡುತ್ತಿತ್ತು. ಅವನು ಉಣ್ಣುವ ತನಕ ಕಾಯಬೇಕಲ್ಲ. ನಾನು ಸಿಮೆಂಟ್ ಚೀಲದ ಮೇಲಿನ ಇಂಗ್ಲಿಷನ್ನು ಪಿಟಿಪಿಟಿ ಓದುತ್ತ ಅಡ್ಡಾಡುತ್ತಿದ್ದೆ. ಮನೆಯೊಡತಿ ಮೆಟ್ಟಿಲ ಬಾಗಿಲಲ್ಲಿ ನಿಂತಿದ್ದರು. ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ಮನೆಮಾತು ತಮಿಳು, ಆಡುವುದು ಕಂಟೋನ್ಮೆಂಟಿನ ಕನ್ನಡ.

“ಏನ್ಮಾ ಅದು? ಜೋರಾಗಿ ಓದು, ನಾನೂ ಕೇಳ್ತೀನಿ.”

ಓದಿದೆ. ಉಸಿರು ಮುಗಿಯುವ ತನಕ ಓದಿದೆ.

“ಅಯ್ಯೋ, ನಿನ್ ರೈಲ್ಗೆ ಸ್ಟೇಷನ್ನೇ ಇಲ್ವಾಮ್ಮಾ?” ಎಂದು ನಕ್ಕರು.

ನಾಚಿಕೆಯಾಯಿತು. ಆದರೂ ಕಾಲು ಕೀಳಲಿಲ್ಲ. ಪರೀಕ್ಷೆಯ ವಿಷಯ, ‘ಸಾರಿ’ ವಿಷಯ, ಎಲ್ಲ ಹೇಳಿಬಿಟ್ಟೆ. ‘ಇಟ್ಸ್ ಓಕೆ’ ಕೇಳಿ ಅವರು ಗೋಡೆ ಹಿಡಿದುಕೊಂಡು ನಕ್ಕರು. ಕಣ್ಣು ಒರೆಸಿಕೊಂಡು, “ಬರೋ ಸಂಡೇ ಬಾ. ಬರೀಗೈಲಿ ಬಾ. ಬುಕ್ಕು ಗಿಕ್ಕು ತರ್ಬೇಡ,” ಎಂದರು.

ತಾರಸಿಯ ರಿಪೇರಿ ಮುಗಿದ ಮೇಲೂ ನನ್ನ ಭಾನುವಾರಗಳು ಅಲ್ಲೇ ಕಳೆದವು. ಅವರು ವ್ಯಾಕರಣ ಹೇಳಿಕೊಡಲೇ ಇಲ್ಲ. ತಾರಸಿಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದು ಸಾಲು ಬರೆಯುವುದು, ಅದನ್ನು ನಾನು ಬಾಯಿಂದ ಆಡಿ ತೋರಿಸುವುದು. ‘ಐ ಡೋಂಟ್ ನೋ ಡಾಕ್ಟರ್’ ಎಂದು ಬರೆದರು.

“ಈಗ ನೀನ್ ಯಾರ ಹತ್ರ ಮಾತಾಡ್ತಿದ್ಯಾ?”

“ಡಾಕ್ಟ್ರ ಹತ್ರ.”

“ಇಲ್ಲಮ್ಮಾ. ನನ್ ಹತ್ರ ಮಾತಾಡ್ತಿದ್ಯಾ. ಆ ಡಾಕ್ಟ್ರು ಯಾರೋ ಗೊತ್ತಿಲ್ಲ ಅಂತಿದ್ಯಾ.” ನಡುವೆ ಒಂದು ಕಾಮಾ ಎಳೆದರು. “ಈಗ ಡಾಕ್ಟ್ರು ನಿನ್ನೆದುರು ನಿಂತಿದಾರೆ, ಏನೋ ಕೇಳಿದಾರೆ, ನಿಂಗೆ ಗೊತ್ತಿಲ್ಲ. ಕಾಮಾ ಅಂದ್ರೆ ಏನ್ ಅನ್ಕೊಂಡಿದ್ಯಾ? ಮುಖ ತಿರುಗ್ಸಿ ಅವರನ್ನ ನೋಡೋದು.”

ಇಡ್ಲಿ ತಟ್ಟೆ ಇಟ್ಟಾಗ ಇನ್ನೊಂದು ಪಾಠ. ‘ನೋ ಮೋರ್, ಪ್ಲೀಸ್’ ಎಂದರೆ ತಟ್ಟೆಯ ಮೇಲೆ ಕೈ ಅಡ್ಡ ಹಿಡಿಯಬೇಕು. ‘ನೋ, ಮೋರ್ ಪ್ಲೀಸ್’ ಎಂದರೆ ತಟ್ಟೆ ಮುಂದೆ ಚಾಚಬೇಕು. ನಾನು ಎರಡನ್ನೂ ಆಡಿ ತೋರಿಸಿ, ಎರಡನೆಯದಕ್ಕೆ ಇಡ್ಲಿ ಹಾಕಿಸಿಕೊಂಡೆ. ‘ರಿಯಲಿ’ ಎಂಬ ಒಂದೇ ಪದಕ್ಕೆ ಅರ್ಧ ಬೆಳಿಗ್ಗೆ ಹೋಯಿತು. ಪ್ರಶ್ನಾರ್ಥಕ ಹಾಕಿ ಅವರು ಪೊಲೀಸಿನವರಾದರು, ಆಶ್ಚರ್ಯಸೂಚಕ ಹಾಕಿ ಮದುವೆ ಸುದ್ದಿ ಕೇಳಿದ ಚಿಕ್ಕಮ್ಮನಾದರು, ಬರೀ ಚುಕ್ಕಿ ಇಟ್ಟು ಗಂಡನ ಸುಳ್ಳು ಹಿಡಿದ ಹೆಂಡತಿಯಾದರು. ಕೊನೆಗೆ ಮೂರು ಚುಕ್ಕಿ ಇಟ್ಟು ಸುಮ್ಮನೆ ನನ್ನನ್ನೇ ನೋಡಿದರು.

“ಇದು ಏನಮ್ಮಾ?”

“ಹೇಳೋದು ಇನ್ನೂ ಇದೆ. ಬಾಯಿಗೆ ಬರ್ತಾ ಇಲ್ಲ.”

“ಕರೆಕ್ಟ್. ಇದನ್ನ ಕಮ್ಮಿ ಹಾಕು. ಓದಿದವ್ರಿಗೆ ಭಯ ಆಗತ್ತೆ.”

ರಿಪೇರಿ ನಡೆಯುತ್ತಿದ್ದ ದಿನಗಳಲ್ಲಿ ಒಮ್ಮೆ ಮಾವ ಕರಣೆ ಕೆಳಗಿಟ್ಟು ಇದನ್ನೆಲ್ಲ ನೋಡುತ್ತ ನಿಂತ.

“ಇಷ್ಟಕ್ಕ ಚುಕ್ಕಿ ಯಾಕ ಬೇಕ್ರೀ ಅಮ್ಮಾರ? ದನಿ ಇಲ್ಲೇನು?”

“ದನಿ ಪೇಪರ್ ಮೇಲೆ ಬರಲ್ಲ ಮೇಸ್ತ್ರಿ.”

“ಅದಕ್ಕ ನಾವು ಪೇಪರಿನ ಕಡಿ ಹೋಗಂಗಿಲ್ರೀ!” ಎಂದು ಗ್ಯಾಂಗಿನವರನ್ನೆಲ್ಲ ನಗಿಸಿದ.

ನನಗೆ ನಗು ಬರಲಿಲ್ಲ, ಆದರೆ ಮಾತು ತಲೆಯಲ್ಲಿ ಉಳಿಯಿತು. ನಮ್ಮ ಮನೆಯಲ್ಲಿ ಎಲ್ಲವನ್ನೂ ದನಿಯೇ ಮಾಡುತ್ತದೆ. ಅವ್ವ ಉಪ್ಪು ಎಲ್ಲಿ ಎಂದು ಕೇಳಿದರೂ ಪಕ್ಕದ ಕೋಣೆಯಾಕೆ ಬಾಗಿಲು ತೆರೆದು “ಏನ್ ಜಗಳ?” ಎನ್ನುತ್ತಾಳೆ. ಮಾವ ಫೋನಿನಲ್ಲಿ ಟೈಪು ಮಾಡುವುದಿಲ್ಲ, ಮೈಕಿನ ಗುರುತು ಒತ್ತಿ ಕೂಗುತ್ತಾನೆ. ಅವನ ‘ಹೂಂ’ ಒಂದರಲ್ಲೇ ಬಯ್ಗುಳವೂ ಇರುತ್ತದೆ, ಊಟ ಆಯಿತಾ ಎಂಬುದೂ ಇರುತ್ತದೆ. ಅಂಥ ಮನೆಯವಳು ದನಿಯನ್ನು ಬಿಟ್ಟು ಬರೀ ಮಾತನ್ನು ಕಾಗದಕ್ಕೆ ಇಳಿಸುತ್ತಿದ್ದೆ. ಕ್ಲಿನಿಕ್ಕಿನವರಿಗೆ ಅದು ಬೈದ ಹಾಗೆ ಕೇಳುತ್ತಿತ್ತು, ಪೇಪರು ತಿದ್ದುವವರಿಗೆ ಸೊನ್ನೆಯಾಗಿ ಕಾಣುತ್ತಿತ್ತು.

ಆಮೇಲೆ ಎಲ್ಲೆಲ್ಲೂ ಅದೇ ಹುಚ್ಚು. ಇಂದಿರಾನಗರದಿಂದ ಕೆ.ಆರ್. ಪುರದ ಮೆಟ್ರೋದಲ್ಲಿ ಪಕ್ಕದವರು ಫೋನಿನಲ್ಲಿ ಆಡುವ ಇಂಗ್ಲಿಷಿಗೆ ಬೆರಳಲ್ಲಿ ಕಾಮಾ ಹಾಕುತ್ತಿದ್ದೆ, ಕಂಬಿಯ ಮೇಲೆ. ‘ಯಾ, ಶ್ಯೂರ್.’ ಅಲ್ಲ, ‘ಯಾ... ಶ್ಯೂರ್?’ ಒಪ್ಪಿದನೋ, ಅನುಮಾನವೋ? ಅವನು ಬೆನ್ನಿಗಾನಹಳ್ಳಿಯಲ್ಲಿ ಇಳಿದು ಹೋಗುತ್ತಿದ್ದ, ನನ್ನ ಚುಕ್ಕಿ ಎಲ್ಲಿಡಬೇಕೆಂದು ಗೊತ್ತಾಗದೆ ಉಳಿಯುತ್ತಿತ್ತು. ಪೇಷೆಂಟುಗಳಿಗೆ ‘ಓಕೆ’ ಎಂದು ಬರೆದು ಅಳಿಸುತ್ತಿದ್ದೆ, ಚುಕ್ಕಿ ಇಟ್ಟು ತೆಗೆಯುತ್ತಿದ್ದೆ. ಪರೀಕ್ಷೆಗೆ ಫುಲ್‌ಸ್ಟಾಪ್ ಬೇಕು, ಫೋನಿಗೆ ಬೇಡ. ನಿದ್ದೆಯಲ್ಲೂ ಕಾಲು ಅಲ್ಲಾಡಿಸುತ್ತೀ ಎಂದು ಅವ್ವ ನನ್ನ ಪಾದದ ಮೇಲೆ ತನ್ನ ಕಾಲಿಟ್ಟು ಮಲಗುತ್ತಿದ್ದಳು.

ಪರೀಕ್ಷೆಯ ದಿನ ಗೊತ್ತಾಯಿತು. ಅದೇ ದಿನ ಮಾವನ ಮೋಲ್ಡು.

ಮೋಲ್ಡ್ ಎಂದರೆ ಮನೆಯ ಛಾವಣಿಗೆ ಕಾಂಕ್ರೀಟ್ ಹಾಕುವ ದಿನ. ಮೇಸ್ತ್ರಿಗಳ ಬದುಕಿನಲ್ಲಿ ಅದಕ್ಕಿಂತ ದೊಡ್ಡ ದಿನವಿಲ್ಲ. ಹೆಣ್ಣು ಗಂಡು ಎನ್ನದೆ ಸಾಲಾಗಿ ನಿಂತು ಕಾಂಕ್ರೀಟ್ ತುಂಬಿದ ಬಾಂಡಲಿಗಳನ್ನು ಕೈಯಿಂದ ಕೈಗೆ ದಾಟಿಸುತ್ತಾರೆ. ಒಮ್ಮೆ ಶುರುವಾದರೆ ಮುಗಿಯುವ ತನಕ ನಿಲ್ಲಿಸುವಂತಿಲ್ಲ. ಮೊದಲು ಹಾಕಿದ್ದು ಬಿಗಿದುಕೊಂಡ ಮೇಲೆ ಹೊಸದು ಹಾಕಿದರೆ ಎರಡೂ ಒಂದಾಗುವುದಿಲ್ಲ, ನಡುವೆ ಗೆರೆ ಉಳಿಯುತ್ತದೆ. ಅದಕ್ಕೆ ಜಾಯಿಂಟ್ ಎನ್ನುತ್ತಾರೆ. “ನನ್ನ ಮೋಲ್ಡಿನಾಗ ಒಂದು ಜಾಯಿಂಟ್ ತೋರ್ಸು, ಕರಣಿ ಒಗದು ಊರಿಗೆ ಹೋಗ್ತೀನಿ,” ಎನ್ನುವುದು ಮಾವನ ಖಾಯಂ ಮಾತು.

ಅವನಿಗೆ ಇನ್ನೊಂದು ನಂಬಿಕೆ. ಮೊದಲ ಬಾಂಡಲಿ ನನ್ನ ಕೈಯಿಂದಲೇ ಬೀಳಬೇಕು. ನಾನು ಚಿಕ್ಕವಳಿದ್ದಾಗ ಅವನ ಮೊಟ್ಟಮೊದಲ ಮೋಲ್ಡಿಗೆ ಆಟಕ್ಕೆಂದು ನನ್ನ ಕೈಲಿ ಹಾಕಿಸಿದ್ದ, ಕೆಲಸ ಚೆನ್ನಾಗಿ ಆಯಿತು. ಮುಂದೊಮ್ಮೆ ಜ್ವರ ಬಂದು ನಾನು ಹೋಗದಿದ್ದ ದಿನ ಮಷಿನ್ ಕೆಟ್ಟು ನಿಂತಿತು. ಅಲ್ಲಿಗೆ ಮುಗಿಯಿತು. ನನ್ನ ಕೈಗುಣವಿಲ್ಲದೆ ಅವನು ಛಾವಣಿ ಹಾಕಿದವನೇ ಅಲ್ಲ.

“ಅವತ್ತ ಪರೀಕ್ಷಾ ಅದ ಮಾವ.”

“ಪರೀಕ್ಷಾ ಯಾವಾಗ್ಲೂ ಇರ್ತಾವ ನಿಂದು.”

“ಇದಽ ಕಡೀದು. ಇದು ಹೋದ್ರ ಎಲ್ಲಾ ಹೋತು.”

“ಯಾರು ಬ್ಯಾಡಂದ್ರು? ಮುಂಜಾನೆದ್ದು ಬಾ, ಒಂದ್ ಬಾಂಡ್ಲಿ ಹಾಕು, ಹೋಗು. ಸೈಟು ಇಲ್ಲೇ ಅದ, ಮೆಟ್ರೋ ಅಲ್ಲೇ ಅದ. ನಾ ಏನ್ ನಿನ್ನ ಕಟ್ಟಿ ಹಾಕ್ತೀನೇನು?”

ಅವ್ವ ನನ್ನನ್ನು ನೋಡಿದಳು. ಹೋಗಿ ಬಂದುಬಿಡು ಎಂಬ ನೋಟ. ಒಪ್ಪಿಕೊಂಡೆ.

ಆ ದಿನ ಸ್ನಾನ ಮಾಡಿ, ಇದ್ದ ಒಂದು ಒಳ್ಳೆಯ ಚೂಡಿದಾರ ಹಾಕಿ, ಹಾಲ್ ಟಿಕೆಟ್ ಬ್ಯಾಗಿಗಿಟ್ಟು ಸೈಟಿಗೆ ಹೋದೆ. ಪೂಜೆಯ ನಿಂಬೆಹಣ್ಣು, ಕುಂಕುಮ ಎಲ್ಲ ತಯಾರಿತ್ತು. ಗ್ಯಾಂಗು ತಲೆಗೆ ಸಿಂಬಿ ಸುತ್ತಿ ನಿಂತಿತ್ತು, ಅವ್ವನೂ ಸಾಲಿನಲ್ಲಿದ್ದಳು. ಇಲ್ಲದಿದ್ದದ್ದು ಮಿಕ್ಸರ್ ಮಷಿನ್ ಒಂದೇ. ಅದನ್ನು ಎಳೆದು ತರುತ್ತಿದ್ದ ಟ್ರ್ಯಾಕ್ಟರನ್ನು ಟಿನ್ ಫ್ಯಾಕ್ಟರಿ ಹತ್ತಿರ ಪೊಲೀಸರು ಬದಿಗೆ ಹಾಕಿಸಿದ್ದರು. ಬೆಳಗಿನ ಟ್ರಾಫಿಕ್ ಇಳಿಯುವ ತನಕ ಬಿಡುವುದಿಲ್ಲವಂತೆ.

ಮಾವ ಫೋನಿನಲ್ಲಿ ಕೂಗಾಡಿದ. ಕಾದೆವು. ನಾನು ಮರಳಿನ ಗುಡ್ಡೆಯಿಂದ ಜಲ್ಲಿಯ ಗುಡ್ಡೆಗೆ, ಜಲ್ಲಿಯಿಂದ ಮತ್ತೆ ಮರಳಿಗೆ ನಡೆದೆ. ಸಾಲಿನಲ್ಲಿದ್ದ ಒಬ್ಬಳು, “ಏ ಕೂಡಬೇ, ನಮಗ ತಲಿ ತಿರಗ್ಲಾಕತ್ಯದ,” ಎಂದಳು. ಫೋನು ಗುಂಯ್ ಎಂದಿತು. ರಿಚರ್ಡ್ಸ್ ಟೌನಿನ ಅಮ್ಮ. ‘ರೀಚ್ಡ್?’ ಎಂಬ ಒಂದೇ ಪದ.

‘ನಾಟ್ ಯೆಟ್’ ಎಂದು ಬರೆದೆ. ಫುಲ್‌ಸ್ಟಾಪ್ ಇಟ್ಟೆ, ಎಲ್ಲ ಮುಗಿದ ಹಾಗೆ ಕಂಡಿತು. ತೆಗೆದೆ. ಆಶ್ಚರ್ಯಸೂಚಕ ಇಟ್ಟೆ; ಏನೋ ಸಂಭ್ರಮದಂತೆ ಕಂಡಿತು. ತೆಗೆದೆ. ಕೊನೆಗೆ ಮೂರು ಚುಕ್ಕಿ ಇಟ್ಟು ಕಳಿಸಿಬಿಟ್ಟೆ. ಮರುಕ್ಷಣವೇ ಅವರ ಫೋನು ಬಂತು. ಎತ್ತಿದರೆ ಅತ್ತುಬಿಡುತ್ತೇನೆ ಎನಿಸಿ ಕಟ್ ಮಾಡಿದೆ.

ಮಾವ ಹತ್ತಿರ ಬಂದು ನಿಂತಿದ್ದ.

“ಯಾರದು?”

“ಅಮ್ಮಾರದು. ಮುಟ್ಟಿದೇನು ಅಂತ ಕೇಳ್ಯಾರ.”

“ನೀ ಏನಂದಿ?”

“ಇಲ್ಲ ಅಂದೆ. ಮೂರು ಚುಕ್ಕಿ ಹಾಕಿದೆ.”

ತಾರಸಿಯ ಮೇಲೆ ನಕ್ಕಂತೆ ಈಗಲೂ ನಗುತ್ತಾನೆ ಎಂದುಕೊಂಡೆ. ಅವನು ನನ್ನ ಮುಖ ನೋಡಿದ. ರಸ್ತೆಯ ಕಡೆ ನೋಡಿದ. ಟ್ರ್ಯಾಕ್ಟರಿನ ಸದ್ದಿರಲಿಲ್ಲ. ಅಂಗಿಯ ತೋಳು ಮೇಲೆ ಸರಿಸಿ ಸಲಿಕೆಗೆ ಕೈ ಹಾಕಿದ. ತಗಡಿನ ಮೇಲೆ ತಾನೇ ಒಂದಿಷ್ಟು ಮರಳು ಎಳೆದ, ಜಲ್ಲಿ ಎಳೆದ, ಸಿಮೆಂಟ್ ಸುರಿದ.

“ಏ ಮೇಸ್ತ್ರಿ, ಏನ್ ಮಾಡ್ಲಾಕತ್ತಿ?” ಗ್ಯಾಂಗಿನ ಹಿರಿಯನೊಬ್ಬ ಕೂಗಿದ. “ಮಷಿನ್ ಬರೂದ್ರಾಗ ಅದು ಬಿಗಿತದ. ಜಾಯಿಂಟ್ ಬೀಳ್ತದ!”

“ಬೀಳ್ಲಿ.”

“ನಿನ್ನ ಮೋಲ್ಡಿನಾಗ?”

“ಬೀಳ್ಲಿ ಅಂದ್ನೆಲ್ಲೋ! ನೀರು ತಾ.”

ಕೈಯಿಂದಲೇ ಕಲೆಸಿದ ಒಂದು ಬಾಂಡಲಿ ಕಾಂಕ್ರೀಟು. ಅದನ್ನು ಹೊತ್ತು ಏಣಿ ಹತ್ತಿದೆ, ಅವನು ನನ್ನ ಹಿಂದೆಯೇ ಹತ್ತಿದ. ಕಂಬದ ನೆತ್ತಿಯ ಮೂಲೆಯಲ್ಲಿ ಕಬ್ಬಿಣದ ನಡುವೆ ಸುರಿದೆ. ಮಾವ ಅದರ ಮೇಲೆ ಒಂದು ಚಿಟಿಕೆ ಕುಂಕುಮ ಹಾಕಿದ. ನನ್ನ ತೋಳಿಗೆ ಸಿಡಿದ ಸಿಮೆಂಟನ್ನು ತನ್ನ ಟವೆಲಿನಿಂದ ಒರೆಸಲು ಹೋಗಿ ಇನ್ನಷ್ಟು ಬಳಿದ.

“ನಡಿ, ನಡಿ, ನಡಿ!”

ಓಡಿದೆ. ಮೆಟ್ರೋದಲ್ಲಿ ಕೂರಲಿಲ್ಲ, ಬಾಗಿಲಿಗೆ ಹಣೆ ಹಚ್ಚಿ ನಿಂತೆ. ಸುರಂಗದ ಬಾಯಿಯ ಕತ್ತಲೂ ಅಲ್ಲದ, ಬೆಳಕೂ ಅಲ್ಲದ ಗಾಜಿನಲ್ಲಿ ನನ್ನ ತುಟಿ ಅಲ್ಲಾಡುತ್ತಿದ್ದುದು ಕಾಣುತ್ತಿತ್ತು. ಇಳಿದು ಆಟೋ ಹಿಡಿದು ಶಿವಾಜಿನಗರದ ಪರೀಕ್ಷಾ ಕೇಂದ್ರಕ್ಕೆ ಹೋದಾಗ ಬಾಗಿಲು ಹಾಕುತ್ತಿದ್ದರು. ಕೊಠಡಿಯ ಮೇಷ್ಟ್ರು ನನ್ನ ಬೂದಿಬಣ್ಣದ ಕೈ ನೋಡಿ ಏನೋ ಕೇಳಲು ಹೋಗಿ, “ಬೇಗ ಕೂತ್ಕೊಳಮ್ಮಾ,” ಎಂದರಷ್ಟೆ.

ಸಂಭಾಷಣೆ ಕೊನೆಯ ಪುಟದಲ್ಲಿತ್ತು. ಒಬ್ಬ ಅಂಗಡಿಯವನು, ಒಬ್ಬ ಗಿರಾಕಿ. ಗೋಡೆಯಂತೆ ಒಂದೇ ಸಮನೆ ಸಾಲುಗಳು, ಎಲ್ಲೂ ಒಂದು ಗುರುತಿಲ್ಲ. ನಾನು ತುಟಿಯೊಳಗೇ ಅಂಗಡಿಯವನಾದೆ, ಗಿರಾಕಿಯಾದೆ. ಎಲ್ಲಿ ಮುಖ ತಿರುಗಿಸಿದೆನೋ ಅಲ್ಲಿ ಕಾಮಾ, ಎಲ್ಲಿ ಹುಬ್ಬೇರಿತೋ ಅಲ್ಲಿ ಪ್ರಶ್ನಾರ್ಥಕ. ಪಕ್ಕದ ಹುಡುಗಿ “ಶ್...” ಎಂದಳು. ತುಟಿ ಕಚ್ಚಿಕೊಂಡು ಬರೆದೆ. ಕೊನೆಯ ಫುಲ್‌ಸ್ಟಾಪನ್ನು ಕಾಗದ ತೂತಾಗುವಷ್ಟು ಒತ್ತಿ ಇಟ್ಟೆ.

ಮಷಿನ್ ಬಂದದ್ದು ಮಧ್ಯಾಹ್ನವಂತೆ, ಅವ್ವ ಹೇಳಿದಳು. ಅಷ್ಟರಲ್ಲಿ ನನ್ನ ಬಾಂಡಲಿ ಬಿಗಿದುಕೊಂಡಿತ್ತು. ಕೆತ್ತಿ ತೆಗೆಯೋಣ ಎಂದು ಗ್ಯಾಂಗಿನವರು ಅಂದರೆ ಮಾವ ಬಿಡಲಿಲ್ಲ. “ಆಕಿ ಹಾಕಿದ್ದು ಅದು, ಇರ್ಲಿ,” ಎಂದು ಅದರ ಮೇಲೆ ಸಿಮೆಂಟಿನ ಹಾಲು ಎರೆದು ಮುಂದಿನದು ಹಾಕಿಸಿದನಂತೆ. ಛಾವಣಿಯ ಕೆಳಗಿನ ಹಲಗೆ ಬಿಚ್ಚಿದ ದಿನ ಮೂಲೆಯಲ್ಲಿ ಕೂದಲೆಳೆಯಂಥ ಗೆರೆ ಇತ್ತು. ಮಾವ ತಾನೇ ಏಣಿ ಹತ್ತಿ ಗಾರೆ ಮಾಡಿ ಮುಚ್ಚಿದ. ಗ್ಯಾಂಗಿನವರು ಬಿಡುತ್ತಾರೆಯೇ? “ಮೇಸ್ತ್ರಿ, ಕರಣಿ ಯಾವಾಗ ಒಗಿತಿ? ಊರಿಗೆ ರೈಲು ಎಷ್ಟೊತ್ತಿಗದ?” ಎಂದು ವಾರಗಟ್ಟಲೆ ಕಾಡಿದರು. ಅವನು ಹೂಂ ಎನ್ನುತ್ತಿದ್ದ. ಯಾವ ಹೂಂ ಎಂದು ನನಗೂ ತಿಳಿಯಲಿಲ್ಲ.

ಫಲಿತಾಂಶ ಬರುವ ತನಕ ನಾನು ಮನುಷ್ಯಳಂತೆ ಇರಲಿಲ್ಲ. ಫೋನು ತೆರೆಯುವುದು, ಮುಚ್ಚುವುದು. ಕ್ಲಿನಿಕ್ಕಿನಲ್ಲಿ ಒಬ್ಬರ ಅಪಾಯಿಂಟ್‌ಮೆಂಟ್ ಇನ್ನೊಬ್ಬರಿಗೆ ಕೊಟ್ಟು ಬೈಸಿಕೊಂಡೆ. ಕೊನೆಗೊಂದು ಮಧ್ಯಾಹ್ನ ಪುಟ ತೆರೆದುಕೊಂಡಿತು. ಪಾಸು. ಹತ್ತಿರದಲ್ಲಿ ಯಾರೂ ಇರಲಿಲ್ಲ, ಬಾಯಲ್ಲಿ ಹತ್ತಿ ಇಟ್ಟುಕೊಂಡ ಪೇಷೆಂಟ್ ಒಬ್ಬರನ್ನು ಬಿಟ್ಟು. ಅವರಿಗೇ ಹೇಳಿದೆ. ಅವರು ಹೆಬ್ಬೆರಳು ತೋರಿಸಿದರು. ರಿಚರ್ಡ್ಸ್ ಟೌನಿಗೆ ‘ಪಾಸ್ಡ್’ ಎಂದು ಕಳಿಸಿದೆ, ಯಾವ ಗುರುತೂ ಹಾಕದೆ. ‘ರಿಯಲಿ!’ ಎಂದು ಬಂತು. ಮದುವೆ ಸುದ್ದಿ ಕೇಳಿದ ಚಿಕ್ಕಮ್ಮನ ದನಿ.

ಸರ್ಟಿಫಿಕೇಟ್ ಕೊಡುವ ದಿನ ಮಾವ ಬಿಳಿ ಅಂಗಿ ಹಾಕಿಕೊಂಡು ಅವ್ವನ ಜೊತೆ ಕಾಲೇಜಿಗೆ ಬಂದ. ಪ್ರಿನ್ಸಿಪಾಲರು ನನ್ನ ಕೈಗೆ ಕೊಟ್ಟರು. ಹೊರಗೆ ಬಂದು ನಾನು ಅದನ್ನು ಮಾವನ ಕಡೆ ಚಾಚಿದೆ. ಅವನು ಹಿಡಿಯಲಿಲ್ಲ. ಅಲ್ಲೇ ನಲ್ಲಿಯಲ್ಲಿ ಕೈ ತೊಳೆದು, ಒರೆಸಿಕೊಂಡು, ಎರಡು ಅಂಚುಗಳನ್ನಷ್ಟೇ ಹಿಡಿದ. ಇಂಗ್ಲಿಷ್ ಅವನಿಗೆ ಬರುವುದಿಲ್ಲ. ಆದರೂ ಮೇಲಿನಿಂದ ಕೆಳಗೆ ನೋಡಿದ, ಎಡದಿಂದ ಬಲಕ್ಕೆ ನೋಡಿದ, ಹೊಸ ಗೋಡೆಯನ್ನು ನೋಡುವ ಹಾಗೆ. ಮತ್ತೆ ನನಗೇ ಕೊಟ್ಟ.

“ಓದು. ಜೋರಾಗಿ ಓದು.”

ಓದಿದೆ. ಸರ್ಟಿಫಿಕೇಟಿನಲ್ಲಿರುವುದು ಒಂದೇ ಒಂದು ಉದ್ದನೆಯ ವಾಕ್ಯ. ಕಾಲೇಜು, ವಿಷಯ, ನನ್ನ ಹೆಸರು, ಎಲ್ಲ ಅದರೊಳಗೇ. ನಡುವೆ ಒಂದು ಕಾಮಾ ಕೂಡ ಇಲ್ಲ. ಒಂದೇ ಉಸಿರಿನಲ್ಲಿ, ಎಲ್ಲೂ ತಡವರಿಸದೆ ಕೊನೆಯ ತನಕ ಓದಿದೆ. ಮಾವ ಕಣ್ಣು ಮುಚ್ಚಿ ಕೇಳುತ್ತಿದ್ದ. ನಾನು ನಿಲ್ಲಿಸಿದಾಗ ಕಣ್ಣು ತೆರೆದ. ಆಮೇಲೆ ಅವ್ವನ ಕಡೆ ತಿರುಗಿದ.

“ಕೇಳಿದಿಲ್ಲಕ್ಕಾ? ಒಂದು ಜಾಯಿಂಟ್ ಇಲ್ಲ.”